ಗುರುತು ಪರಿಚಯದ ಋಣ

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಸಂತೋಷದೊಡನೆ ಸಂಕೋಚವೂ ಆಯಿತು. ಕಲಿತ ಶಾಲೆ ನನ್ನನ್ನು ನೆನೆಸಿಕೊಂಡಿತಲ್ಲ ಎಂದು ಸಂತೋಷ. ಒಂದು ಕಾಲಕ್ಕೆ ನಾನೇ ಈ ಶಾಲೆಯ ಹೆಸರನ್ನು ಹೇಳಲು ನಾಚಿ ಮರೆಮಾಚಿದ್ದೆನಲ್ಲ ಎಂದು ಸಂಕೋಚ. ಆ ತಪ್ಪನ್ನು ಒಪ್ಪಿಕೊಳ್ಳುವುದು, ಹಾಗೆಯೇ ಕೃತಕ ಬುದ್ಧಿಮತ್ತೆ ಮತ್ತು ದತ್ತಾಂಶ ವಿಜ್ಞಾನದ ಸಂಶೋಧನೆಯತ್ತ ಹೋಗಬಯಸುವ ನಮ್ಮ ಗಡಿನಾಡಿನ ಮಕ್ಕಳಿಗೆ ನನಗೆ ತಡವಾಗಿ ತಿಳಿದ ನಾಲ್ಕು ಮಾತು ಹೇಳುವುದು, ಇವೆರಡೇ ಈ ಬರಹದ ಉದ್ದೇಶ.

ನನ್ನ ತಂದೆ ಸೊಲ್ಲಾಪುರದಲ್ಲಿ ಚಾದರ ನೇಯುವ ಕೆಲಸಕ್ಕಿದ್ದರು. ವಾರಕ್ಕೊಮ್ಮೆ ಅಕ್ಕಲಕೋಟೆ ತಾಲೂಕಿನ ನಮ್ಮ ಹಳ್ಳಿಗೆ ಬರುತ್ತಿದ್ದರು. ರಜೆಯಲ್ಲಿ ಒಮ್ಮೆ ಅವರೊಡನೆ ಹೋದಾಗ ಮಗ್ಗದ ಮೇಲೆ ಸರಮಾಲೆಯಂತೆ ತೂಗುತ್ತಿದ್ದ ತೂತಿನ ರಟ್ಟುಗಳನ್ನು ಕಂಡು ಅವೇನೆಂದು ಕೇಳಿದ್ದೆ. “ತೂತು ಇದ್ದಲ್ಲಿ ಎಳಿ ಏಳ್ತದ, ಇಲ್ಲದಲ್ಲಿ ಏಳೂದಿಲ್ಲ, ಹೂವು ತಾನೇ ಬೀಳ್ತದ” ಎಂದಿದ್ದರು. ಜಕಾರ್ಡ್ ಮಗ್ಗದ ಇದೇ ಬಗೆಯ ರಟ್ಟನ್ನು 1890ರ ಅಮೆರಿಕದ ಜನಗಣತಿಯಲ್ಲಿ ಹರ್ಮನ್ ಹಾಲರಿತ್ ಎಂಬವರು ಲೆಕ್ಕಕ್ಕೆ ಬಳಸಿದರೆಂದೂ, ಮುಂದೆ ಹಲವು ದಶಕ ಕಂಪ್ಯೂಟರುಗಳು ಅಂಥ ರಟ್ಟುಗಳನ್ನೇ ಓದುತ್ತಿದ್ದವೆಂದೂ ತಿಳಿದದ್ದು ಇಂಜಿನಿಯರಿಂಗ್ ಓದುವಾಗ. ಆದರೆ ಆ ತರಗತಿಯಲ್ಲಿ ಎದ್ದು ನಿಂತು, ನಮ್ಮ ತಂದೆ ದಿನವೂ ಇಂಥ ರಟ್ಟಿನ ಕೆಳಗೆ ಕೆಲಸ ಮಾಡುತ್ತಾರೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಕಲಿತು ಒಮ್ಮೆಲೇ ಇಂಗ್ಲಿಷಿಗೆ ಹಾರಿದವರ ಪಾಡು ಈ ಸಂಚಿಕೆಯ ಓದುಗರಿಗೆ ಹೊಸದಲ್ಲ. ಗಣಿತ ಹೇಗೋ ಕೈ ಹಿಡಿಯಿತು. ಮಾತು ಮಾತ್ರ ಕೈಕೊಟ್ಟಿತು. ಶಾಲೆ ಯಾವುದೆಂದು ಯಾರಾದರೂ ಕೇಳಿದರೆ “ಸೊಲ್ಲಾಪುರದ ಕಡೆಯದು” ಎಂದಷ್ಟೇ ಹೇಳಿ ಮಾತು ತಿರುಗಿಸುವುದನ್ನು ರೂಢಿಮಾಡಿಕೊಂಡೆ.

ಅದರ ಬೆಲೆ ತೆತ್ತದ್ದು 2006ರಲ್ಲಿ. ಬೆಂಗಳೂರಿನ ಒಂದು ಸಂಶೋಧನಾ ಸಮ್ಮೇಳನಕ್ಕೆ ಹೋಗಿದ್ದೆ. ಪ್ರಬಂಧಗಳನ್ನೆಲ್ಲ ಶ್ರದ್ಧೆಯಿಂದ ಕೇಳಿದೆ, ವಹಿಯಲ್ಲಿ ಬರೆದುಕೊಂಡೆ. ಚಹದ ವಿರಾಮದಲ್ಲಿ ಮಾತ್ರ ಕಪ್ಪು ಹಿಡಿದು ಗೋಡೆಗೆ ಆತು ನಿಂತೆ. ಎರಡು ದಿನ ಯಾರೊಡನೆಯೂ ಮಾತಾಡದೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಮರಳಿದೆ. ಮೂರು ತಿಂಗಳ ನಂತರ ತಿಳಿಯಿತು, ಅದೇ ಚಹದ ಮೇಜಿನ ಬಳಿ ಒಬ್ಬ ಪ್ರಾಧ್ಯಾಪಕರು ತಮ್ಮ ಧ್ವನಿ ಸಂಶೋಧನೆಯ ಯೋಜನೆಗೆ ಇಬ್ಬರು ಸಹಾಯಕರು ಬೇಕೆಂದು ಬಾಯಿಮಾತಿನಲ್ಲಿ ಹೇಳಿದ್ದರು. ಜಾಹೀರಾತು ಬರುವ ಮೊದಲೇ ಆ ಸ್ಥಾನಗಳು ತುಂಬಿಹೋಗಿದ್ದವು. ಯಾರೂ ನನಗೆ ಅನ್ಯಾಯ ಮಾಡಿರಲಿಲ್ಲ. ಅಲ್ಲಿ ನಾನೊಬ್ಬನು ಇದ್ದೇನೆಂಬುದೇ ಯಾರಿಗೂ ತಿಳಿದಿರಲಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು 1973ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಬಂಧವೊಂದರಲ್ಲಿ ಈ ಮಾತಿನ ಮರ್ಮವಿದೆ. ಪರಿಚಯದವರ ಮೂಲಕ ನೌಕರಿ ಹಿಡಿದವರನ್ನು ವಿಚಾರಿಸಿದಾಗ, ಹೆಚ್ಚಿನವರಿಗೆ ಸುದ್ದಿ ಕೊಟ್ಟವರು ಆಪ್ತಮಿತ್ರರಲ್ಲ, ಅಪರೂಪಕ್ಕೆ ಭೆಟ್ಟಿಯಾಗುವ ದೂರದ ಪರಿಚಿತರು ಎಂದು ಅವರು ಕಂಡರು. ಆಪ್ತರಿಗೆ ತಿಳಿದದ್ದು ನಮಗೂ ತಿಳಿದೇ ಇರುತ್ತದೆ. ದೂರದವರು ಬೇರೊಂದು ಓಣಿಯ ಸುದ್ದಿ ತರುತ್ತಾರೆ. ನಮ್ಮ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಬೀಗತನ ಕುದುರುತ್ತಿತ್ತು, ಎತ್ತಿನ ವ್ಯಾಪಾರ ಮುಗಿಯುತ್ತಿತ್ತು, ಯಾವ ಕಾರಖಾನೆಯಲ್ಲಿ ಆಳು ಬೇಕೆಂಬುದೂ ಗೊತ್ತಾಗುತ್ತಿತ್ತು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವನ್ನು ಸೊಲ್ಲಾಪುರಕ್ಕೆ ಕರೆತಂದವರೂ ಕೇವಲ ಭಾಷಣ ಕೇಳುವುದಕ್ಕಾಗಿ ಆ ಶ್ರಮ ಪಟ್ಟಿರಲಾರರು. ಜಾತ್ರೆಯಲ್ಲಿ ಬಾಯಿ ಬಿಚ್ಚುವ ನಾವು ವಿದ್ವತ್ಸಭೆಯಲ್ಲಿ ಮೂಕರಾಗುವುದೇಕೆ?

ನನ್ನ ಬಾಯಿ ಬಿಡಿಸಿದವಳು ನನ್ನ ತಾಯಿ. 2019ರ ದೀಪಾವಳಿಗೆ ಊರಿಗೆ ಬಂದಾಗ ಫೋನಿನಲ್ಲಿ ಕನ್ನಡ ಮಾತನ್ನು ಅಕ್ಷರಕ್ಕಿಳಿಸುವ ಸೌಕರ್ಯವನ್ನು ಅವಳಿಗೆ ತೋರಿಸಿದೆ. “ನಾಳಿ ಮುಂಜಾನಿ ಎಸ್‌ಟಿಗಿ ಸೊಲ್ಲಾಪುರ ದವಾಖಾನಿಗಿ ಹೋಗಿ ಬರ್ತೀನಿ” ಎಂದಳು. ತೆರೆಯ ಮೇಲೆ ಮೂಡಿದ ಸಾಲಿನಲ್ಲಿ ಸೊಲ್ಲಾಪುರ ಒಂದೇ ಸರಿಯಾಗಿತ್ತು. ಮೂರು ಸಲ ಹೇಳಿದಳು. ಮೂರು ಸಲವೂ ಅಷ್ಟೆ. ಕೊನೆಗೆ ಫೋನು ನನ್ನ ಕೈಗಿತ್ತು, “ಇದಕ ನಮ್ಮ ಮಾತು ತಿಳಿಯೂದಿಲ್ಲೋ ತಮ್ಮಾ, ಸಾಲಿ ಕಲ್ತವರದಷ್ಟೇ ತಿಳೀತದ” ಎಂದು ಒಳಗೆ ಹೋದಳು. ಹದಿನೈದು ವರ್ಷ ಇದೇ ಕ್ಷೇತ್ರದಲ್ಲಿ ದುಡಿದ ನನಗೆ ಆ ಮಾತು ನೇರವಾಗಿ ನಾಟಿತು.

ಕಾರಣ ಗಹನವೇನಲ್ಲ. ಯಂತ್ರ ತಾನಾಗಿ ಭಾಷೆ ಅರಿಯದು. ಸಾವಿರಾರು ಗಂಟೆಗಳ ಧ್ವನಿಮುದ್ರಣವನ್ನೂ ಅದಕ್ಕೆ ಸರಿಯಾದ ಬರಹವನ್ನೂ ಜೋಡಿಸಿ ಕೊಟ್ಟರೆ ಆ ಮಾದರಿಗಳಿಂದ ಕಲಿಯುತ್ತದೆ. ಕೊಟ್ಟದ್ದು ಸುದ್ದಿವಾಚನದ ಕನ್ನಡವಾದರೆ ಅದನ್ನೇ ಕಲಿಯುತ್ತದೆ. ಮರಾಠಿ, ಉರ್ದು ಪದಗಳನ್ನು ಮನೆಯ ಮಕ್ಕಳಂತೆ ಸಾಕಿಕೊಂಡ ನಮ್ಮ ಅಕ್ಕಲಕೋಟೆಯ ಕನ್ನಡ ಅದರ ಕಿವಿಗೇ ಬಿದ್ದಿರಲಿಲ್ಲ. ಊರಿನ ಹನ್ನೆರಡು ಹಿರಿಯರ ಒಪ್ಪಿಗೆ ಪಡೆದು ಅವರ ಮಾತನ್ನು ಮುದ್ರಿಸಿಕೊಂಡೆ. ಯಂತ್ರ ಎಲ್ಲೆಲ್ಲಿ ಎಡವುತ್ತದೆಂದು ಲೆಕ್ಕ ಹಾಕಿ ಒಂದು ಸಣ್ಣ ಪ್ರಬಂಧ ಸಿದ್ಧಪಡಿಸಿದೆ. ಅಪರಿಚಿತರಾದ ಎಂಟು ಮಂದಿ ಸಂಶೋಧಕರಿಗೆ ಪತ್ರ ಬರೆದೆ. ಈ ಸಲ ಮೊದಲ ಸಾಲಿನಲ್ಲಿಯೇ ನನ್ನ ಊರು, ನನ್ನ ಕನ್ನಡ ಶಾಲೆ ಎರಡನ್ನೂ ಹೇಳಿದೆ. ಏಳು ಮಂದಿ ಉತ್ತರಿಸಲಿಲ್ಲ. ಎಂಟನೆಯವರು ನನ್ನ ಲೆಕ್ಕದಲ್ಲಿದ್ದ ಒಂದು ತಪ್ಪನ್ನು ತೋರಿಸಿ, ತಿದ್ದಿ ಕಳಿಸಿರೆಂದು ಬರೆದರು. ಇಂದು ನಾನಿರುವ ಕೆಲಸ ಆ ಒಂದು ಉತ್ತರದಿಂದ ಹುಟ್ಟಿದ್ದು.

ಈಗಿನ ಮಕ್ಕಳಿಗೆ ನನ್ನ ಕಾಲಕ್ಕಿಂತ ಹೆಚ್ಚು ಬಾಗಿಲುಗಳು ತೆರೆದಿವೆ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ಮನೆಯಲ್ಲಿಯೇ ಕುಳಿತು ಶುಲ್ಕವಿಲ್ಲದೆ ಕೇಳಬಹುದು. ಗೇಟ್ ಪರೀಕ್ಷೆಯಲ್ಲಿ 2024ರಿಂದ ದತ್ತಾಂಶ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆಗೆ ಪ್ರತ್ಯೇಕ ಪತ್ರಿಕೆ ಬಂದಿದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಪಡೆದರೆ ವಿದ್ಯಾರ್ಥಿಯೊಬ್ಬನು ಎರಡು ತಿಂಗಳು ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡಬಹುದು. ಅನೇಕ ಸಮ್ಮೇಳನಗಳು ಸ್ವಯಂಸೇವಕರಾಗಿ ದುಡಿಯುವ ವಿದ್ಯಾರ್ಥಿಗಳಿಗೆ ಪ್ರವೇಶ ಶುಲ್ಕ ಬಿಡುತ್ತವೆ. ಕುರ್ಚಿ ಜೋಡಿಸುವ ಹುಡುಗನಿಗೆ ಹತ್ತು ಜನ ತಜ್ಞರ ಪರಿಚಯ ತಾನಾಗಿ ಆಗುತ್ತದೆ.

ಭಾಷೆಯ ವಿಷಯದಲ್ಲಂತೂ ನಾವು ಸಾಲಿನಲ್ಲಿ ಹಿಂದಿಲ್ಲ. 2019ರಲ್ಲಿ ವಿನಯ್ ಉದಯ್ ಪ್ರಭು ಎಂಬ ಸಂಶೋಧಕರು ಕೈಬರಹದ ಕನ್ನಡ ಅಂಕಿಗಳನ್ನು ಕೂಡಿಸಿ ‘ಕನ್ನಡ ಎಂನಿಸ್ಟ್’ ಎಂಬ ಸಂಗ್ರಹವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ನಮ್ಮ ಶಾಲೆಯ ಪಾಟಿಯ ಮೇಲೆ ನಾವು ತಿದ್ದಿದ ಅದೇ ೧, ೨, ೩ರ ಮೇಲೆ ಆ ವರ್ಷವೇ ನಡೆದ ಕ್ಯಾಗಲ್ ಸ್ಪರ್ಧೆಯಲ್ಲಿ ಕನ್ನಡದ ಗಂಧವೇ ಇಲ್ಲದ ಪರದೇಶಿಯರೂ ಸೆಣಸಿದರು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2023ರಲ್ಲಿ ಹೊರತಂದ ಅನುವಾದ ಮಾದರಿ ಸಂವಿಧಾನದ ಎಂಟನೆಯ ಅನುಸೂಚಿಯ ಇಪ್ಪತ್ತೆರಡೂ ಭಾಷೆಗಳನ್ನು ಒಳಗೊಂಡಿದೆ. ಇಂಥ ಕೆಲಸಗಳಿಗೆ ಗಣಿತ ಬಲ್ಲವರು ಬೇಕು, ನಿಜ; ಜೊತೆಗೆ ಎರಡು ಮೂರು ಭಾಷೆಗಳನ್ನು ಉಸಿರಿನಷ್ಟು ಸಹಜವಾಗಿ ಆಡಬಲ್ಲವರೂ ಬೇಕು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ನೆರೆಮನೆಯಲ್ಲಿ ತೆಲುಗು ಇಲ್ಲವೆ ಉರ್ದು ಕೇಳಿ ಬೆಳೆದ ಸೊಲ್ಲಾಪುರದ ಮಗುವಿಗೆ ಇದು ಹುಟ್ಟಿನಿಂದ ಬಂದ ಬಂಡವಾಳ. ನಾನು ಕೊರತೆಯೆಂದು ಮುಚ್ಚಿಟ್ಟುಕೊಂಡಿದ್ದುದು ಇದನ್ನೇ.

ಆದ್ದರಿಂದ ತರುಣ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಮೊದಲು ಒಂದು ಸಣ್ಣ ಕೆಲಸವನ್ನು ಪೂರ್ಣ ಮಾಡಿರಿ. ಕೈಯಲ್ಲಿ ಕೆಲಸವಿಲ್ಲದ ಪರಿಚಯ ಬಹಳ ದಿನ ನಿಲ್ಲದು. ದೊಡ್ಡವರಿಗೆ ಬರೆಯುವಾಗ ಅವರ ಪ್ರಬಂಧ ಓದಿ, ಒಂದೇ ಪ್ರಶ್ನೆ ಕೇಳಿರಿ, ನೌಕರಿ ಬೇಡಬೇಡಿರಿ. ಉತ್ತರ ಬಾರದಿದ್ದರೆ ಅವಮಾನವೆಂದು ತಿಳಿಯಬೇಡಿರಿ. ಯಾರಾದರೂ ತಪ್ಪು ತೋರಿಸಿದರೆ ತಿದ್ದಿ, ತಿದ್ದಿದ್ದನ್ನು ಅವರಿಗೆ ತಿಳಿಸಿರಿ. ಮುಂದೆ ನಿಮಗೂ ಒಂದು ಪತ್ರ ಬಂದಾಗ ಉತ್ತರಿಸಿರಿ.

ಹಿರಿಯ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಬಿನ್ನಹ. ಕನ್ನಡ ಶಾಲೆಗೆ ಮಗುವನ್ನು ಹಾಕಲು ತಂದೆತಾಯಿಗಳು ಹಿಂಜರಿಯುವುದು ಭಾಷೆಯ ಮೇಲಿನ ದ್ವೇಷದಿಂದಲ್ಲ, “ಇಲ್ಲಿ ಕಲಿತು ಮುಂದೇನು?” ಎಂಬ ಅಂಜಿಕೆಯಿಂದ. ಆ ಪ್ರಶ್ನೆಗೆ ಭಾಷಣ ಉತ್ತರವಾಗದು, ನಾವು ಉತ್ತರವಾಗಬೇಕು. ಈ ಸುವರ್ಣ ಮಹೋತ್ಸವದ ನೆನಪಿಗಾಗಿ ಶಾಲೆಯ ಕಚೇರಿಯಲ್ಲಿ ಒಂದು ವಹಿ ಇಡೋಣ. ಇಲ್ಲಿ ಕಲಿತವರು ಇಂದು ಎಲ್ಲಿದ್ದಾರೆ, ಏನು ಕೆಲಸ ಮಾಡುತ್ತಾರೆ, ಮಕ್ಕಳ ಪತ್ರಕ್ಕೆ ಉತ್ತರಿಸಲು ಯಾರು ಸಿದ್ಧರಿದ್ದಾರೆ ಎಂಬುದು ಅದರಲ್ಲಿರಲಿ. ಮೊದಲ ಪುಟದಲ್ಲಿ ನನ್ನ ಹೆಸರನ್ನು ಶಾಲೆಯ ಹೆಸರಿನೊಡನೆ ನಾನೇ ಬರೆಯುತ್ತೇನೆ.

ತಾಯಿ ಈಗಲೂ ಫೋನಿನೊಡನೆ ಜಗಳಾಡುತ್ತಾಳೆ. ಮೊದಲಿಗಿಂತ ಈಗ ಅದು ಅವಳ ಮಾತನ್ನು ಹೆಚ್ಚು ಹಿಡಿಯುತ್ತದೆ, ಆದರೂ ಎಷ್ಟೋ ಕಡೆ ಎಡವುತ್ತದೆ. ಉಳಿದ ಕೆಲಸ ಇಂದು ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತಿರುವ ಯಾರೋ ಒಬ್ಬಳಿಗಾಗಿ ಕಾದಿದೆ ಎಂದೇ ನನ್ನ ನಂಬಿಕೆ.