ಕಮಲಾಪುರದ ಕೆರೆ ಏರಿಯ ಮೇಲೆ ಒಂದು ಬಾನುಲಿ ಲೆಕ್ಕ

ಹಂಪಿ ನೋಡಲು ಹೋಗುವ ಹೆಚ್ಚಿನವರಿಗೆ ಕಮಲಾಪುರವೆಂದರೆ ಬಸ್ಸಿನ ಕಿಟಕಿಯಿಂದ ಕಂಡು ಮರೆಯಾಗುವ ಊರು. ಹೊಸಪೇಟೆಯಿಂದ ಸುಮಾರು 12 ಕಿ.ಮೀ. ದೂರ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ನೋಡುವವರು ಇಳಿಯುತ್ತಾರೆ, ಉಳಿದವರು ಮುಂದೆ ಸಾಗುತ್ತಾರೆ. ನಾನೂ ಹಲವು ಸಲ ಹಾಗೆಯೇ ಸಾಗಿದವನು. ಈ ಸಲ ಇಳಿದದ್ದು ಅಕ್ಕನ ಮಗನ ಒತ್ತಾಯಕ್ಕೆ.

ಅವನು ಹೊಸಪೇಟೆಯಲ್ಲಿ ಪಿಯುಸಿ ಓದುತ್ತಿದ್ದಾನೆ. ಗೆಳೆಯರು ಸೇರಿ ಊರಿಗೊಂದು ಸಮುದಾಯ ಬಾನುಲಿ ಮಾಡಬೇಕೆಂಬ ಹುಚ್ಚು ಹಿಡಿಸಿಕೊಂಡಿದ್ದಾನೆ. 'ಸರ್ಕಾರ ಅನುದಾನ ಕೊಡುತ್ತಂತೆ ಮಾಮಾ' ಎನ್ನುವುದು ಅವನ ಮಾತು. 'ಕೊಟ್ಟ ದುಡ್ಡು ಮುಗಿದ ಮೇಲೆ ಏನು ಮಾಡ್ತೀಯಪ್ಪಾ?' ಎನ್ನುವುದು ಭಾವನ ಪ್ರಶ್ನೆ. ಇಬ್ಬರ ನಡುವೆ ಪಂಚಾಯಿತಿ ಮಾಡಲು ನನ್ನನ್ನು ಕರೆದಿದ್ದರು. ಬಸ್ ನಿಲ್ದಾಣದ ಹತ್ತಿರ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು, ಮೂವರೂ ಕೆರೆಯ ಕಡೆಗೆ ನಡೆದೆವು. ಚಹಾ ಅಂಗಡಿಯ ಪೆಟ್ಟಿಗೆಯಲ್ಲಿ ಆಕಾಶವಾಣಿಯ ಹೊಸಪೇಟೆ ಕೇಂದ್ರ ಹಾಡುತ್ತಿತ್ತು.

ಕಮಲಾಪುರದ ಕೆರೆ ವಿಜಯನಗರದ ಕಾಲದ್ದು. ಅರಮನೆಯ ಆವರಣಕ್ಕೆ ನೀರುಣಿಸಿದ್ದು ಇದೇ ಕೆರೆ. ಮಹಾನವಮಿ ದಿಬ್ಬದ ಬಳಿ ಕಲ್ಲಿನ ದೋಣಿಗಳನ್ನು ಸಾಲಾಗಿ ಕಂಬಗಳ ಮೇಲೆ ಹೊರಿಸಿದ ಮೇಲ್ಗಾಲುವೆಯನ್ನು ನೀವು ನೋಡಿರಬಹುದು. ಏರಿಯ ಮೇಲೆ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ಬಾಳೆ, ಕಬ್ಬು, ಗದ್ದೆ. ದೂರದಲ್ಲಿ ಮಾಲ್ಯವಂತ ಬೆಟ್ಟದ ಬಂಡೆಗಳು.

ಹುಡುಗ ಕೈ ಚಾಚಿ ತೋರಿಸಿದ: 'ಇಲ್ಲೊಂದು ಕಂಬ ನೆಟ್ಟರೆ ಎಲ್ಲಿಯವರೆಗೆ ಕೇಳಿಸುತ್ತೆ ಮಾಮಾ?'

ಸಮುದಾಯ ಬಾನುಲಿಗೆ ಸಾಮಾನ್ಯವಾಗಿ 100 ವಾಟ್ ಶಕ್ತಿಯ ಪ್ರಸಾರಕ್ಕೆ ಅನುಮತಿ. ಆಂಟೆನಾ 30 ಮೀಟರಿಗಿಂತ ಎತ್ತರ ಇರಬಾರದು. ಬಯಲಾದರೆ 10 ಕಿ.ಮೀ. ಆಸುಪಾಸು ಕೇಳಿಸುತ್ತದೆ. ಹಂಪಿ, ಮಲಪನಗುಡಿ, ವೆಂಕಟಾಪುರ, ಬುಕ್ಕಸಾಗರದ ಮನೆಗಳನ್ನು ಮುಟ್ಟಬಹುದು. ಆದರೆ ಎಫ್.ಎಂ. ಅಲೆ ನೇರ ದಾರಿಯಲ್ಲೇ ಹೋಗುವಂಥದ್ದು. ಇಲ್ಲಿನ ಬಂಡೆಗುಡ್ಡಗಳ ಮರೆಯಲ್ಲಿರುವ ಮನೆಗೆ ಹತ್ತಿರವಿದ್ದರೂ ತಲುಪದೆ ಹೋಗಬಹುದು.

ಈ ಅನುಮತಿಯೂ ಸುಮ್ಮನೆ ಬಂದದ್ದಲ್ಲ. ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರ ಫೆಬ್ರುವರಿಯಲ್ಲಿ. ಮರುವರ್ಷ ಬೆಂಗಳೂರಿನಲ್ಲಿ ಸೇರಿದ ಆಸಕ್ತರು ಹಳ್ಳಿಗಳಿಗೆ ಬಾನುಲಿಯ ಹಕ್ಕು ಬೇಕೆಂದು ಘೋಷಣೆ ಹೊರಡಿಸಿದರು. ವಿದ್ಯಾಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2002ರ ಕೊನೆಯಲ್ಲಿ; ಸ್ವಯಂಸೇವಾ ಸಂಸ್ಥೆಗಳಿಗೆ 2006ರ ನವೆಂಬರಿನಲ್ಲಿ. ಅದೂ ವ್ಯಕ್ತಿಗಳಿಗಲ್ಲ, ರಾಜಕೀಯ ಪಕ್ಷಗಳಿಗಲ್ಲ. ಕಾಲೇಜು, ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ, ಇಲ್ಲವೇ ಕನಿಷ್ಠ 3 ವರ್ಷ ಕೆಲಸ ಮಾಡಿದ ನೋಂದಾಯಿತ ಸಂಸ್ಥೆಯೇ ಅರ್ಜಿ ಹಾಕಬೇಕು. ಅಂದರೆ ನಮ್ಮ ಹುಡುಗ ಮೊದಲು ತನ್ನ ಪ್ರಾಂಶುಪಾಲರನ್ನೋ ಒಂದು ಸಂಘವನ್ನೋ ಒಪ್ಪಿಸಬೇಕು. ಅವನ ಮುಖ ಸ್ವಲ್ಪ ಬಾಡಿತು. ಭಾವನ ಮುಖ ಸ್ವಲ್ಪ ಅರಳಿತು.

'ಅನುದಾನದ ಮಾತು ಹೇಳು' ಎಂದರು ಭಾವ.

ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಸಮುದಾಯ ಬಾನುಲಿಗಳನ್ನು ಬೆಂಬಲಿಸುವ ಯೋಜನೆಯೊಂದಿದೆ. ಉಪಕರಣಗಳ ಬೆಲೆಯ ಒಂದು ಪಾಲನ್ನು ಅದು ಭರಿಸುತ್ತದೆ. ಅದಕ್ಕೂ ಮಿತಿಯುಂಟು. ಮೈಕು, ಮಿಕ್ಸರು, ಟ್ರಾನ್ಸ್‌ಮಿಟರು, ಕಂಬ ಇವುಗಳಿಗೆ ಅದು ನೆರವಾಗುತ್ತದೆ. ಆದರೆ ದಿನವೂ ಮೈಕಿನ ಮುಂದೆ ಕೂರುವವರ ಸಂಬಳ, ವಿದ್ಯುತ್ ಬಿಲ್ಲು, ಸಿಡಿಲಿಗೆ ಸುಟ್ಟ ಭಾಗದ ಖರ್ಚು ಕೇಂದ್ರದ ಹೆಗಲಿಗೇ ಬೀಳುತ್ತವೆ.

ಜಾಹೀರಾತು ಇಲ್ಲವೇ? ಇದೆ. 2024ರ ಫೆಬ್ರುವರಿಯಲ್ಲಿ ಗಂಟೆಗೆ 7 ನಿಮಿಷವಿದ್ದ ಮಿತಿಯನ್ನು 12 ನಿಮಿಷಕ್ಕೆ ಏರಿಸಿದರು. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿತು. ಹುಡುಗ ಅಲ್ಲೇ ಲೆಕ್ಕ ಹಾಕಿದ: ನಿಮಿಷಕ್ಕೆ 444 ರೂಪಾಯಿ. ದಿನಕ್ಕೆ 5 ನಿಮಿಷ ಸಿಕ್ಕರೆ 2,220. 'ದಿನಾ ಸಿಗುತ್ತಾ?' ಎಂದು ಭಾವ ಕೇಳಿದರು. ಹುಡುಗನಲ್ಲಿ ಉತ್ತರ ಇರಲಿಲ್ಲ.

ಆಗ ನನಗೆ ನೆನಪಾದದ್ದು ಕಾಲ ಕೆಳಗಿನ ಏರಿ. ನಮ್ಮ ಹಿರಿಯರು ಕೆರೆ ಕಟ್ಟಿಸಿ ಕೈತೊಳೆದುಕೊಂಡವರಲ್ಲ. ಬುಕ್ಕರಾಯನ ಮಗ ಭಾಸ್ಕರ ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ 6 ದೋಷಗಳನ್ನೂ ಪಟ್ಟಿ ಮಾಡುತ್ತದೆ. ಕನ್ನಡ ನಾಡಿನ ಶಾಸನಗಳಲ್ಲಿ ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವರಿಗೆ, ಅದನ್ನು ದುರಸ್ತಿಯಲ್ಲಿ ಇಟ್ಟುಕೊಳ್ಳುವವರಿಗೆ ಬಿಟ್ಟ ಭೂಮಿ ಅದು. ಆ ಭೂಮಿಯ ಬೆಳೆ ಕೆರೆಯ ನೀರಿನಿಂದಲೇ ಬರುವುದರಿಂದ, ಕೆರೆ ಒಡೆದರೆ ನೋಡಿಕೊಳ್ಳುವವನ ಅನ್ನವೂ ಒಡೆಯುತ್ತಿತ್ತು. ಅವರ ದತ್ತಿ ಕಟ್ಟುವುದಕ್ಕೆ ಒಂದು ಸಲ, ಕಾಯುವುದಕ್ಕೆ ಪ್ರತಿ ವರ್ಷ ಒದಗುತ್ತಿತ್ತು. ನಮ್ಮ ಕಾಲದ ಅನುದಾನ ಮೊದಲನೆಯದನ್ನು ಕಲಿತಿದೆ, ಎರಡನೆಯದನ್ನು ಮರೆತಿದೆ.

ಹಾಗಾದರೆ ಬಾನುಲಿಯ ಕಟ್ಟುಕೊಡಗೆ ಯಾವುದು? ಎರಡು ಊರುಗಳನ್ನು ನೋಡಿ.

ಒಂದು, ಕೋಲಾರ ಜಿಲ್ಲೆಯ ಬೂದಿಕೋಟೆ. ಹೈದರಾಲಿ ಹುಟ್ಟಿದ ಊರೆಂದು ಪ್ರಸಿದ್ಧಿ. 2000ರ ದಶಕದ ಮೊದಲ ವರ್ಷಗಳಲ್ಲಿ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಇಲ್ಲಿ 'ನಮ್ಮ ಧ್ವನಿ' ಆರಂಭಿಸಿದವು. ಗಾಳಿಯಲ್ಲಿ ಪ್ರಸಾರಕ್ಕೆ ಆಗ ಪರವಾನಗಿ ಇರಲಿಲ್ಲ. ಹಾಗೆಂದು ಕೈಕಟ್ಟಿ ಕೂರಲಿಲ್ಲ; ಕೇಬಲ್ ತಂತಿಯ ಮೂಲಕ ಮನೆಮನೆಗೆ ದನಿ ಮುಟ್ಟಿಸಿದರು. ಜೀವಾಳವಾಗಿದ್ದವು ಮಹಿಳೆಯರ ಸ್ವಸಹಾಯ ಸಂಘಗಳು. ಮುಂದೆ ಅದು ಎಫ್.ಎಂ. ಅಲೆಗೂ ಏರಿತು.

ಇನ್ನೊಂದು, ಬೀದರಿಗೆ ನೆರೆಯ ಜಹೀರಾಬಾದ್ ಬಳಿಯ 'ಸಂಘಂ ರೇಡಿಯೊ'. ಇದರ ಹಿಂದಿದ್ದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಪಿ.ವಿ. ಸತೀಶ್ ಮೈಸೂರಿನವರು, 2023ರಲ್ಲಿ ತೀರಿಕೊಂಡರು. ಯುನೆಸ್ಕೊ ನೆರವಿನಲ್ಲಿ ಸ್ಟುಡಿಯೊ ಸಿದ್ಧವಾದದ್ದು 1998ರ ಹೊತ್ತಿಗೆ, ಪ್ರಸಾರ ಆರಂಭವಾದದ್ದು 2008ರ ಅಕ್ಟೋಬರ್ 15ರಂದು. ಸುಮಾರು ಹತ್ತು ವರ್ಷ ಹಳ್ಳಿಯ ದಲಿತ ಮಹಿಳೆಯರು ಬೀಜದ, ಬೇಸಾಯದ, ಹಾಡಿನ ಮಾತುಗಳನ್ನು ಧ್ವನಿಮುದ್ರಿಸಿ, ಸಂಘದ ಸಭೆಗಳಲ್ಲಿ ಕೇಳಿಸುತ್ತಾ ಕಾದರು. ಎರಡೂ ಕಡೆ ಹೊರಗಿನ ಹಣ ಯಂತ್ರ ತಂದಿತು. ಉಳಿಸಿದ್ದು ಮೊದಲೇ ಇದ್ದ ಸಂಘ.

ಕಮಲಾಪುರದ ಸುತ್ತ ಹೇಳುವುದಕ್ಕೇನೂ ಬರವಿಲ್ಲ. ದೂರವಲ್ಲದ ದರೋಜಿಯಲ್ಲಿ ನಾಡೋಜ ಬುರ್ರಕಥಾ ಈರಮ್ಮ ಇದ್ದರು. ಓದುಬರಹ ಬಾರದ ಆ ತಾಯಿ ದೊಡ್ಡ ದೊಡ್ಡ ಕಾವ್ಯಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು, 2014ರಲ್ಲಿ ಅಗಲಿದರು. ಅಂಥ ಕಂಠಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ. ಲಂಬಾಣಿ ತಾಂಡಾದ ಅಜ್ಜಿಯ ಹಾಡಿದೆ, ಕಾಲುವೆ ಕೊನೆಯ ರೈತನ ದೂರಿದೆ. ಸಮುದಾಯ ಬಾನುಲಿ ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದಂತೆ ಕೊಡಬಹುದು. ಆದರೆ ನಲ್ಲಿ ನೀರು, ಮಳೆ, ಪರೀಕ್ಷೆಯ ಮಾಹಿತಿಗೆ ಅಡ್ಡಿಯಿಲ್ಲ. ಕಾರ್ಯಕ್ರಮದ ಅರ್ಧಭಾಗವಾದರೂ ಸ್ಥಳೀಯವಾಗಿ ತಯಾರಾಗಬೇಕೆಂಬುದು ನಿಯಮವೇ.

ಸಂಜೆಯಾಗುತ್ತಿತ್ತು. ಭಾವ ಮಗನ ಕಡೆ ತಿರುಗಿ, 'ಅರ್ಜಿ ಆಮೇಲೆ. ಮೊದಲು ಒಂದು ವರ್ಷ ಫೋನಿನಲ್ಲೇ ಊರ ಮಾತು ಹಿಡಿದು, ವಾರಕ್ಕೊಮ್ಮೆ ಎಲ್ಲರಿಗೂ ಕೇಳಿಸು. ಜನ ಬರ್ತಾರಾ ನೋಡೋಣ. ಬಂದರೆ ಪ್ರಾಂಶುಪಾಲರ ಹತ್ತಿರ ನಾನೇ ಬರ್ತೀನಿ' ಎಂದರು. ಹುಡುಗ ತಲೆಯಾಡಿಸಿದ. ನನ್ನ ಪಂಚಾಯಿತಿಗೆ ಕೆಲಸವೇ ಉಳಿಯಲಿಲ್ಲ.

ನೀವು ಮಕ್ಕಳೊಂದಿಗೆ ಹಂಪಿಗೆ ಹೋಗುವುದಾದರೆ ಕಮಲಾಪುರದಲ್ಲಿ ಒಂದು ಗಂಟೆ ಇಳಿಯಿರಿ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಉಳಿದ ದಿನ ಅಲ್ಲಿರುವ ಹಂಪಿಯ ಮಾದರಿಯನ್ನು ನೋಡಿಕೊಂಡರೆ ಮುಂದಿನ ಸುತ್ತಾಟ ಸುಲಭ. ಆಮೇಲೆ ಕೆರೆ ಏರಿಗೆ ಹೋಗಿ. ಇದನ್ನು ಯಾರು ಕಟ್ಟಿಸಿದರು ಎಂದು ಮಕ್ಕಳು ಕೇಳುತ್ತಾರೆ. ಇಷ್ಟು ಶತಮಾನ ಯಾರು ಕಾಯ್ದರು ಎಂದು ನೀವು ಅವರನ್ನು ಕೇಳಿ.