ಕಾಳಿನ ದೋಸೆ, ಕಾವಲಿಯ ಜಗಳ
ಈ ಸಲ ಸಿಕ್ಕ ಹೆಸರುಕಾಳು ಎಷ್ಟು ಹೊಸದೆಂದರೆ, ನೆನೆಹಾಕಿದ 4 ಗಂಟೆಗೆಲ್ಲ ಉಗುರು ತಾಗಿದರೆ ಸಾಕು, ಸಿಪ್ಪೆ ಬಿಡುತ್ತಿತ್ತು. ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ, ಗರಿಗರಿಯಾಗಲೆಂದು ಒಂದು ಹಿಡಿ ಅಕ್ಕಿ. ತುಸು ತರಿಯಾಗಿ ರುಬ್ಬಿದರೆ ಆಯಿತು, ಹುಳಿ ಬರಲೆಂದು ಕಾಯುವ ಗೋಜಿಲ್ಲ. ಆಂಧ್ರದವರು ಇದೇ ದೋಸೆಯನ್ನು ಪೆಸರಟ್ಟು ಎಂದು ಕರೆದು, ಒಳಗೆ ಉಪ್ಪಿಟ್ಟು ತುಂಬುತ್ತಾರೆ. ಉಪ್ಪಿಟ್ಟಿನ ಮೇಲೆ ನನಗೆ ಅಂಥ ಅಕ್ಕರೆಯೇನಿಲ್ಲ.

ದೋಸೆ ಹಸಿರಾಗಿ ಅಂಚು ಬಿಟ್ಟು ಏಳುತ್ತಿರುವಾಗ ಅಕ್ಕನ ಮಗ ಬಂದು ನಿಂತ. ಜಿಮ್ಮಿನ ಹುಡುಗ. “ಚಿಕ್ಕಮ್ಮ, ಹಿಟ್ಟಿಗೆ ಒಂದು ಸ್ಕೂಪ್ ಪ್ರೊಟೀನ್ ಪುಡಿ ಹಾಕ್ಬಾರ್ದಾ?”

ಡಬ್ಬಿ ತಿರುಗಿಸಿ ನೋಡಿದರೆ ವೆನಿಲ್ಲಾ! ಶುಂಠಿ, ಮೆಣಸಿನಕಾಯಿಯ ಜೊತೆಗೆ ವೆನಿಲ್ಲಾ. 100 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೊಟೀನ್ ಇದೆ ಮಾರಾಯ. ಕಾಳಿಗೆ ಕೊರತೆಯಾದ ಮೆಥಿಯೊನಿನ್ನನ್ನು ಆ ಹಿಡಿ ಅಕ್ಕಿ ತುಂಬಿಕೊಡುತ್ತದೆ, ಅಕ್ಕಿಯಲ್ಲಿ ಸಾಲದ ಲೈಸಿನ್ ಕಾಳಿನಲ್ಲಿ ಧಾರಾಳ. ಇನ್ನು ಹಾಲಿನಿಂದ ಮಾಡಿದ ಆ ಪ್ರೊಟೀನ್ ಪುಡಿಯೋ, ಹೆಚ್ಚಾಗಿ ಬಿದ್ದರೆ ಕಾವಿಗೆ ಬಿಗಿದುಕೊಂಡು ದೋಸೆಯನ್ನು ರಬ್ಬರ್ ಮಾಡುತ್ತದೆ. ಹಾಲಿಗೆ ಹಾಕಿ ಕುಡಿ, ಯಾರು ಬೇಡವೆಂದರು?

ಆದರೆ ಪುಡಿಯವರಿಗಿಂತ ನನ್ನ ತಕರಾರು ನಾನ್‌ಸ್ಟಿಕ್‌ನವರ ಮೇಲೆ. ಅದರ ಮೇಲೆ ಹಿಟ್ಟು ಹಿಡಿದು ನಿಲ್ಲುವುದಿಲ್ಲ, ಸೌಟಿನ ಬೆನ್ನಿಗೇ ಸುತ್ತಿಕೊಂಡು ಬರುತ್ತದೆ. ಕಾಳಿನ ಹಿಟ್ಟಿಗೆ ಬೀಡಿನ ಕಾವಲಿಯೇ ಆಗಬೇಕು. ಅರ್ಧ ಈರುಳ್ಳಿಯನ್ನು ಎಣ್ಣೆಗದ್ದಿ ಉಜ್ಜಿ. ನೀರು ಚಿಮುಕಿಸಿ, ಚುರ್ರೆಂದು ಆರಿದ ಮೇಲೆ ಉರಿ ತಗ್ಗಿಸಿ. ಆಗ ಹುಯ್ದು, ನಡುವಿನಿಂದ ಹರಡಿ, ಆಮೇಲೆ ಉರಿ ಏರಿಸಿ. ಎಲ್ಲರೂ ಎಡವುವುದು ಆ ಉರಿ ತಗ್ಗಿಸುವಲ್ಲಿ. ಕಾದು ಕೆಂಡವಾದ ಕಾವಲಿಗೆ ಹುಯ್ದು, “ನಿಮ್ಮ ಹಿಟ್ಟೇ ಸರಿಯಿಲ್ಲ” ಅನ್ನುತ್ತಾರೆ.

ಕಾವಲಿಯ ಆ ಕಪ್ಪು ಹೊಳಪು ಕೊಳೆಯಲ್ಲ. ಎಣ್ಣೆ ಕಾದು ಕಾದು ಕಬ್ಬಿಣಕ್ಕೆ ಅಂಟಿ ಗಟ್ಟಿಯಾದ ಪದರ ಅದು. ದೂರದ ನೆಂಟರೊಬ್ಬರು ಸ್ಟೀಲ್ ನಾರು, ಸೋಪು ಹಿಡಿದು ಅರ್ಧ ಮಧ್ಯಾಹ್ನ ತಿಕ್ಕಿದರು. “ಎಷ್ಟು ಕರ್ರಗಾಗಿತ್ತು, ಹೊಸದರ ಹಾಗೆ ಮಾಡಿಟ್ಟಿದೀನಿ” ಎಂದು ತೋರಿಸಿದರು. ಬೂದು ಬಣ್ಣದ ಬೋಳು ಕಬ್ಬಿಣ. ಥ್ಯಾಂಕ್ಸ್ ಬೇರೆ ಹೇಳಬೇಕಾಯಿತು. ಮುಂದೆ ಎಷ್ಟೋ ದಿನ ದೋಸೆಯನ್ನು ಕೆರೆದು ಕೆರೆದು ಪಲ್ಯದಂತೆ ತಿಂದೆವು.

ಈಗ ಅವರು ಹೊರಟಿದ್ದಾರೆಂದು ಫೋನ್ ಬಂದರೆ ಕಾವಲಿ ಅಟ್ಟ ಹತ್ತುತ್ತದೆ. ಅವರಿಗೆ ಉಪ್ಪಿಟ್ಟು.