ಪಾರ್ಕ್ ಲೇನಿಗೆ ಎರಡು ಸಲ

ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಊರಿನಿಂದ ಬಂದವರಿಗೆಲ್ಲ ಚಾರ್ಮಿನಾರ್, ಗೋಲ್ಕೊಂಡ, ಸಾಲಾರ್ ಜಂಗ್ ತೋರಿಸಿ ತೋರಿಸಿ ನನ್ನ ಚಪ್ಪಲಿ ಸವೆದಿವೆ. ಆದರೆ 2024ರ ಜೂನ್‌ನಲ್ಲಿ ಬಂದ ಅಕ್ಕನ ಮಗಳಿಗೆ ಇವು ಯಾವುವೂ ಬೇಕಿರಲಿಲ್ಲ. ಹುಮನಾಬಾದಿನಿಂದ ಬೆಳಗಿನ ಬಸ್ಸು ಹತ್ತಿ, ಎಂಜಿಬಿಎಸ್ ನಿಲ್ದಾಣದಲ್ಲಿ ಇಳಿದವಳೇ ಚೀಲದ ಒಳಗಿನಿಂದ ಒಂದು ಲಕೋಟೆ ತೆಗೆದು ನನ್ನ ಕೈಗಿಟ್ಟಳು.

"ಅವ್ವ ಕೊಟ್ಟಾಳ್ರಿ ಮಾಮಾ. ಇಪ್ಪತ್ತಾರು ಸಾವಿರ ಅದ. ಕಂಪ್ಯೂಟರ್ ಇದರಾಗೇ ಆಗಬೇಕಂತ."

ಭಾವ ತೀರಿಕೊಂಡ ಮೇಲೆ ಅಕ್ಕನ ಮನೆ ನಡೆದಿರುವುದು ಹೊಲಿಗೆ ಮಷೀನಿನ ಮೇಲೆ. ಲಕೋಟೆಯಲ್ಲಿ ಐನೂರರ ನೋಟು ಕಡಿಮೆ, ನೂರು ಇನ್ನೂರರವೇ ಹೆಚ್ಚು. ಒಂದೊಂದು ನೋಟೂ ಒಂದೊಂದು ಜಂಪರ್ ಹೊಲಿದದ್ದು ಎಂದು ನೋಡಿದರೇ ತಿಳಿಯುತ್ತಿತ್ತು. ಹುಡುಗಿ ಬಿಸಿಎ ಸೇರಿದ್ದಾಳೆ. ಕಾಲೇಜಿನ ಲ್ಯಾಬಿನಲ್ಲಿ ವಾರಕ್ಕೆ ಎರಡು ದಿನ ಸಿಗುವ ಯಂತ್ರ ಅವಳಿಗೆ ಸಾಲದು.

ಹೊರನಾಡಿನಲ್ಲಿರುವ ನಿಮಗೂ ಈ ಪಾಡು ಗೊತ್ತಿರುತ್ತದೆ. ಊರಿನವರ ಲೆಕ್ಕದಲ್ಲಿ ನಾವು ದೊಡ್ಡ ಶಹರದಲ್ಲಿ ಇರುವವರು, ಎಲ್ಲ ತಿಳಿದವರು. ಲಕೋಟೆ ಕೈಗೆ ಬಂದಾಗ ನನಗೆ ಹೆಮ್ಮೆಗಿಂತ ಹೆದರಿಕೆಯೇ ಹೆಚ್ಚಾಯಿತು. ಅದಕ್ಕೊಂದು ಹಳೆಯ ಕಾರಣವಿದೆ.

2003ರಲ್ಲಿ ನಾನು ಈ ಊರಿಗೆ ಬಂದಾಗ ಕಾಚಿಗುಡದಲ್ಲಿ, ಕರ್ನಾಟಕ ಸಾಹಿತ್ಯ ಮಂದಿರಕ್ಕೆ ನಡೆದು ಹೋಗುವಷ್ಟು ಹತ್ತಿರ ಒಂದು ಕೋಣೆಯಲ್ಲಿ ಮೂವರು ಇದ್ದೆವು. ಬೀದರ್, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ. ನಮ್ಮ ಕಡೆಯವರಿಗೆ ಇದು ಪರವೂರು ಅನ್ನಿಸುವುದೇ ಇಲ್ಲ. ಹಗಲು ಅಮೀರ್‌ಪೇಟೆಯಲ್ಲಿ ಕೋರ್ಸು, ರಾತ್ರಿ ಅಭ್ಯಾಸಕ್ಕೆ ಕಂಪ್ಯೂಟರ್ ಇಲ್ಲ. ಅಪ್ಪ ಆ ವರ್ಷದ ತೊಗರಿ ಮಾರಿ ದುಡ್ಡು ಕಳಿಸಿದರು. ನಾನು ಸಿಕಂದರಾಬಾದಿಗೆ ಹೋಗಿ 'ಪಿ-ಫೋರ್ 2.4' ಎಂದು ಕೈಬರಹದ ಚೀಟಿ ಬರೆಸಿಕೊಂಡು ಯಂತ್ರ ಹೊತ್ತು ತಂದೆ. ವಾರದ ಮೇಲೆ ಕೋಣೆಯ ಗೆಳೆಯ 'ಮೈ ಕಂಪ್ಯೂಟರ್' ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದ. ಅಲ್ಲಿ ಇದ್ದದ್ದು ಪೆಂಟಿಯಮ್ ಅಲ್ಲ, ಸೆಲೆರಾನ್.

2.4 ಗಿಗಾಹರ್ಟ್ಸ್ ಎಂಬುದು ಸುಳ್ಳಾಗಿರಲಿಲ್ಲ. ಆದರೆ ಆ ಕಾಲದ ಪೆಂಟಿಯಮ್ 4ರಲ್ಲಿ 512 ಕೆಬಿ ಕ್ಯಾಶ್ ಇದ್ದರೆ ಸೆಲೆರಾನ್‌ನಲ್ಲಿ ಇದ್ದದ್ದು 128 ಕೆಬಿ. ಹೊರಗಿನ ಅಂಕಿ ಒಂದೇ, ಒಳಗಿನ ಶಕ್ತಿ ಬೇರೆ. ತಿರುಗಿ ಹೋಗಿ ಕೇಳಿದ್ದಕ್ಕೆ ಅಂಗಡಿಯವ ನಕ್ಕು, "ಬೋರ್ಡ್ ತೋ ಪಿ-ಫೋರ್ ಕಾಚ್ ಹೈ ಸಾಬ್" ಅಂದ. ಬಿಲ್ಲೂ ಇರಲಿಲ್ಲ, ಜಗಳವಾಡುವ ಧೈರ್ಯವೂ ಇರಲಿಲ್ಲ.

ದಸರೆಗೆ ಅಪ್ಪ ಬಂದರು. ಮಂಚದ ಮೇಲೆ ಕೂತು ಅರ್ಧ ತಾಸು ಅದನ್ನೇ ನೋಡಿದರು. "ಹ್ಯಾಂಗದಪಾ ಯಂತ್ರ?" ಅಂದರು. "ಭಾಳ ಚಲೋ ಅದರಿ ಅಪ್ಪಾ" ಅಂದೆ. ಊರಿಗೆ ಹೋಗಿ ಎಲ್ಲರಿಗೂ ಅದನ್ನೇ ಹೇಳಿದರಂತೆ. ಅವರು ಈಗ ಇಲ್ಲ. ನಿಜ ಅವರಿಗೆ ಗೊತ್ತಾಗಲೇ ಇಲ್ಲ.

ಅದೇ ಪಾರ್ಕ್ ಲೇನಿಗೆ ಈಗ ಅಕ್ಕನ ದುಡ್ಡು ಹಿಡಿದು ಹೊರಟೆ. ಎಂಜಿಬಿಎಸ್‌ನಿಂದ ಹಸಿರು ಮೆಟ್ರೋ ಹತ್ತಿ ಜೆಬಿಎಸ್ ಪರೇಡ್ ಗ್ರೌಂಡ್‌ನಲ್ಲಿ ಇಳಿದು, ನೀಲಿ ಮೆಟ್ರೋದಲ್ಲಿ ಮುಂದಿನ ನಿಲ್ದಾಣವೇ ಪ್ಯಾರಡೈಸ್. ಕೆಳಗೆ ಹೋಗುತ್ತಿದ್ದ ಬಸ್ಸಿನ ಮೇಲೆ 'ಇಸಿಐಎಲ್' ಎಂದಿದ್ದುದನ್ನು ನೋಡಿ ಹುಡುಗಿ ಅದೇನೆಂದು ಕೇಳಿದಳು. ಇಲ್ಲಿಯವರಿಗೆ ಅದೊಂದು ಬಡಾವಣೆಯ ಹೆಸರು. ಆದರೆ 1967ರಲ್ಲಿ ಈ ಊರಿನಲ್ಲಿ ಶುರುವಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಎಂಬ ಸರ್ಕಾರಿ ಕಾರ್ಖಾನೆಯ ಹೆಸರದು. 1969ರಲ್ಲಿ ಟಿಡಿಸಿ-12 ಎಂಬ ದೇಶೀ ಕಂಪ್ಯೂಟರ್ ಹೊರಬಂದದ್ದು ಅಲ್ಲಿಂದ. ಇವತ್ತು ಇಂಟೆಲ್, ಎಎಂಡಿ ಎರಡರ ಎಂಜಿನಿಯರ್‌ಗಳೂ ಇದೇ ಊರಿನ ಇನ್ನೊಂದು ತುದಿಯ ಗಾಜಿನ ಕಟ್ಟಡಗಳಲ್ಲಿ ಕೂತಿದ್ದಾರೆ. "ಮಾಡೋರು ಆ ಕಡೆ, ಕೊಳ್ಳೋರು ಈ ಕಡೆ ಅನ್ರಿ" ಅಂದಳು.

ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರನ್ನು ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ. ಸಿಟಿಸಿ ಅಂದರೆ ಸಾಕು. ಮಹಡಿ ಮಹಡಿಯಲ್ಲೂ ಗೂಡಿನಂಥ ಅಂಗಡಿಗಳು, ಬಾಗಿಲಿಗೆ ಅಡ್ಡವಾಗಿ ರಟ್ಟಿನ ಡಬ್ಬಿಗಳು, ಹೊಟ್ಟೆ ಬಿಚ್ಚಿ ಮಲಗಿಸಿದ ಲ್ಯಾಪ್‌ಟಾಪ್‌ಗಳು, ಬೆಸುಗೆಯ ಹೊಗೆ, ಗಾಜಿನ ಲೋಟದಲ್ಲಿ ಇರಾನಿ ಚಹಾ. "ಕ್ಯಾ ಹೋನಾ ಸಾಬ್?" ಎಂದು ಎರಡೂ ಕಡೆಯಿಂದ ಕೂಗು. ಬೇಡವಾದರೆ "ನಕ್ಕೋ" ಅಂದರಾಯಿತು, ಮುಂದೆ ಬಿಡುತ್ತಾರೆ.

ಮೊದಲ ಅಂಗಡಿಯಲ್ಲೇ ಆಸೆ ಹುಟ್ಟಿಸಿದರು. ಯಾವುದೋ ಆಫೀಸಿನಿಂದ ಬಂದ ಹಳೇ ಯಂತ್ರ, ಒರೆಸಿ ಹೊಳಪು ಮಾಡಿದ್ದು. ಮೇಲೆ 'ಐ7' ಎಂಬ ಸ್ಟಿಕ್ಕರ್. 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಎಲ್ಲ ಸೇರಿ ಹದಿಮೂರೂವರೆ ಸಾವಿರ. ಹುಡುಗಿಯ ಕಣ್ಣು ಅರಳಿದವು. "ಮಾಮಾ, ಐ7 ಅಂದ್ರ ಎಲ್ಲಕ್ಕಿಂತ ಮೇಲಿಂದಲ್ರಿ? ಅರ್ಧ ರೊಕ್ಕ ಉಳೀತದ."

ನಾನು ಪೂರ್ತಿ ನಂಬರ್ ಕೇಳಿದೆ. ಐ7-3770. ಐ7ರ ಮುಂದಿನ ಸಂಖ್ಯೆಯ ಮೊದಲ ಅಂಕಿ 3. ಅಂದರೆ ಮೂರನೇ ಪೀಳಿಗೆ, 2012ರದ್ದು. ನಾಲ್ಕು ಕೋರ್, ಎಂಟು ಥ್ರೆಡ್, 3.4 ಗಿಗಾಹರ್ಟ್ಸ್. ನಾನು ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದ ಐ3-12100 ಹನ್ನೆರಡನೇ ಪೀಳಿಗೆ, 2022ರದ್ದು. ಅದಕ್ಕೂ ನಾಲ್ಕು ಕೋರ್, ಎಂಟು ಥ್ರೆಡ್; ಗಿಗಾಹರ್ಟ್ಸ್ ಮಾತ್ರ 3.3. ಕಾಗದದ ಮೇಲೆ ಹಳೆಯದೇ ಒಂದು ಕೂದಲು ಮುಂದೆ! ಆದರೆ ಒಟ್ಟು ಕೆಲಸದಲ್ಲಿ ಹೊಸ ಐ3 ಸುಮಾರು ಎರಡು ಪಟ್ಟು.

"ಅದ್ಹ್ಯಾಂಗ್ರಿ?" ಅಂದಳು. ಮೆಟ್ಟಿಲ ಮೇಲೆ ಕೂತು ಅವಳವ್ವನ ಮಷೀನಿನಿಂದಲೇ ಹೇಳಿದೆ. ಕೋರ್ ಅಂದರೆ ಹೊಲಿಯುವ ಜನ. ಗಿಗಾಹರ್ಟ್ಸ್ ಅಂದರೆ ಪೆಡಲ್ ತುಳಿಯುವ ವೇಗ. ಪೀಳಿಗೆ ಅಂದರೆ ಒಂದು ತುಳಿತಕ್ಕೆ ಎಷ್ಟು ಹೊಲಿಗೆ ಬೀಳುತ್ತವೆ ಎಂಬುದು. ಕ್ಯಾಶ್ ಅಂದರೆ ಕತ್ತರಿ, ದಾರ, ಗುಂಡಿ ಕೈಯಳತೆಯಲ್ಲಿ ಇರುವ ಹಲಗೆ. ಅದು ಚಿಕ್ಕದಾದರೆ ಮತ್ತೆ ಮತ್ತೆ ಎದ್ದು ಕಪಾಟಿಗೆ ಹೋಗಬೇಕು. ಪೆಡಲಿನ ವೇಗವೊಂದನ್ನೇ ನೋಡಿ ಮಷೀನು ಕೊಳ್ಳುತ್ತಾರೆಯೇ?

"ಅವ್ವ ಹಂಗ ಕೊಳ್ಳಂಗಿಲ್ಲ" ಅಂದಳು.

ಹಳೆಯ ಯಂತ್ರವೆಲ್ಲ ಮೋಸವೆಂದು ನಾನು ಹೇಳುವುದಿಲ್ಲ. ಕೈಯಲ್ಲಿ ಹದಿನೈದು ಸಾವಿರವೇ ಇದ್ದರೆ ನಾನೂ ಹಳೆಯದನ್ನೇ ಹುಡುಕುತ್ತಿದ್ದೆ. ಆದರೆ ಎಂಟನೇ ಪೀಳಿಗೆಗಿಂತ ಹಿಂದಿನದನ್ನಲ್ಲ. ಐ5-8500 ಎಂಬ 2018ರ ಪ್ರೊಸೆಸರ್‌ನಲ್ಲಿ ಆರು ಕೋರ್ ಇವೆ, ಅದಕ್ಕೆ ವಿಂಡೋಸ್ 11 ಕೂಡ ನಡೆಯುತ್ತದೆ. ಮೂರನೇ ಪೀಳಿಗೆಯದು ಮೈಕ್ರೋಸಾಫ್ಟ್ ಪಟ್ಟಿಯಲ್ಲೇ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಕಂಪನಿಯೇ ಹೇಳಿತ್ತು. ಲಿನಕ್ಸ್ ಹಾಕಿದರೆ ಅದೂ ಓಡುತ್ತದೆ, ನಿಜ. ಆದರೆ ಅದರ ಬೋರ್ಡಿಗೆ ಹಳೆಯ ಡಿಡಿಆರ್3 ರ‍್ಯಾಮೇ ಬೇಕು. ನಾಳೆ ಬೋರ್ಡು ಸುಟ್ಟರೆ ಹುಮನಾಬಾದಿನಲ್ಲಿ ಯಾರು ಹೊಂದಿಸಿ ಕೊಡುತ್ತಾರೆ?

ಎರಡನೇ ಅಂಗಡಿಯವನು 12100 ಕೇಳಿದ ಕೂಡಲೇ ಎರಡು ಸಾವಿರ ಕಡಿಮೆ ಹೇಳಿದ. ಡಬ್ಬಿ ಹಿಡಿದು ನೋಡಿದರೆ ನಂಬರಿನ ಕೊನೆಗೆ 'ಎಫ್'. ಆ ಒಂದಕ್ಷರವಿದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಬೇರೆ ಕಾರ್ಡು ಕೊಳ್ಳದೆ ಪರದೆಯ ಮೇಲೆ ಏನೂ ಮೂಡದು. ಆಟವಾಡುವವರು ಹೇಗೂ ಕಾರ್ಡು ಹಾಕಿಸುತ್ತಾರೆ, ಅವರಿಗೆ ಅದು ಉಳಿತಾಯ. ನಮಗೆ ಗುಂಡಿ. ಎಎಂಡಿಯಲ್ಲಿ ಕೊನೆಗೆ 'ಜಿ' ಇದ್ದರೆ ಗ್ರಾಫಿಕ್ಸ್ ಉಂಟು. ಅಕ್ಕನ ಮಗಳು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಮೂರನೆಯ ಅಂಗಡಿಯಲ್ಲಿ ನಿಜವಾದ ಇಕ್ಕಟ್ಟು ಬಂತು. ಅಲ್ಲಿ ರೈಜನ್ 5 5600ಜಿ ಕೂಡ ಇತ್ತು. ಆರು ಕೋರ್, ಹನ್ನೆರಡು ಥ್ರೆಡ್, ಗ್ರಾಫಿಕ್ಸೂ ಇಂಟೆಲ್ಲಿಗಿಂತ ಮೇಲು. ಅದನ್ನು ತೆಗೆದುಕೊಂಡರೆ ಲೆಕ್ಕ ಸರಿದೂಗಿಸಲು ರ‍್ಯಾಮ್ 8 ಜಿಬಿಗೆ ಇಳಿಯಬೇಕು. ಐ3 ತೆಗೆದುಕೊಂಡರೆ 16 ಜಿಬಿ ಬರುತ್ತದೆ. ವಿಡಿಯೋ ಎಡಿಟಿಂಗ್ ಮಾಡುವವರಾಗಿದ್ದರೆ ನಾನು ರೈಜನ್ ಕಡೆ ವಾಲುತ್ತಿದ್ದೆ. ಇವಳ ಕೆಲಸ ಜಾವಾ, ಪೈಥಾನ್, ಹತ್ತು ಟ್ಯಾಬ್ ತೆರೆದ ಬ್ರೌಸರ್, ಮುಂದೆ ಆಂಡ್ರಾಯ್ಡ್ ಸ್ಟುಡಿಯೋ. ಇದಕ್ಕೆಲ್ಲ ಮೊದಲು ಸಾಲದೆ ಬರುವುದು ರ‍್ಯಾಮು.

ಸಾಹುಕಾರನಿಗೆ ಕೇಳಿಸದಂತೆ ಅವಳ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದೆ: "ಹತ್ತು ಸಾವಿರಕ್ಕ ಐ3 ಕೊಟ್ರ ತಗೊಳ್ಳೋಣು. ನಾ ಒಂಬತ್ತರಿಂದ ಶುರು ಮಾಡ್ತೀನಿ, ನೀ ಸುಮ್ಮನಿರು."

ಆತ ಬಿಲ್ ಪುಸ್ತಕದಿಂದ ತಲೆ ಎತ್ತದೆಯೇ, "ಒಂಬತ್ತಕ್ಕ ನನಗೇ ಬರಂಗಿಲ್ರಿ ಸರ, ಒಂಬತ್ತು ಎಂಟುನೂರು ಮಾಡ್ಕೊಡ್ತೀನಿ" ಅಂದ. ಜಹೀರಾಬಾದ್ ಕಡೆಯವನಂತೆ, ಮನೆಮಾತು ಕನ್ನಡ. ಹುಡುಗಿ ಬಾಯಿಗೆ ಓಡಣಿ ಒತ್ತಿಕೊಂಡು ನಕ್ಕಳು. ನಾಚಿಕೆಯಿಂದ ನನಗೆ ಮತ್ತೆ ಚೌಕಾಶಿಯ ಬಾಯೇ ಬರಲಿಲ್ಲ.

ಪ್ರೊಸೆಸರ್ 9,800, ಎಚ್610 ಬೋರ್ಡು 5,900, 16 ಜಿಬಿಯ ಒಂದೇ ರ‍್ಯಾಮ್ 3,200, 500 ಜಿಬಿ ಎಸ್‌ಎಸ್‌ಡಿ 2,900, ಎಸ್‌ಎಂಪಿಎಸ್ ಸಮೇತ ಕ್ಯಾಬಿನೆಟ್ಟು 3,200, ಕೀಬೋರ್ಡ್ ಮೌಸ್ 800. ಒಟ್ಟು 25,800. ಎಲ್ಲಕ್ಕೂ ಜಿಎಸ್‌ಟಿ ಬಿಲ್ಲು, ಬಿಲ್ಲಿನಲ್ಲಿ ಪ್ರೊಸೆಸರಿನ ಪೂರ್ತಿ ನಂಬರು. ಡಬ್ಬಿಯ ಸೀಲು ನಮ್ಮೆದುರಿಗೇ ಒಡೆಸಿದೆ. ರ‍್ಯಾಮಿನ ಇನ್ನೊಂದು ಸ್ಲಾಟು ಖಾಲಿ ಇದೆ; ಅದೇ ಬೋರ್ಡಿಗೆ ಹದಿಮೂರು, ಹದಿನಾಲ್ಕನೇ ಪೀಳಿಗೆಯ ಪ್ರೊಸೆಸರೂ ಕೂರುತ್ತದೆ. ವಿಂಡೋಸಿಗೆ ದುಡ್ಡು ಉಳಿದಿರಲಿಲ್ಲ, ಸದ್ಯಕ್ಕೆ ಉಬುಂಟು. ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ನನ್ನ ಮಾನಿಟರ್ ಮತ್ತು ಊರಿನ ಕರೆಂಟಿಗೆ ಒಂದು ಯುಪಿಎಸ್ ಮಾಮನ ಪಾಲು.

ಕ್ಯಾಬಿನೆಟ್ಟು ಜೋಡಿಸುವವರೆಗೆ ಕೆಳಗೆ ಚಹಾ ಕುಡಿಯುತ್ತ ಅವಳಿಗೆ 2003ರ ಕಥೆ ಹೇಳಿದೆ. ಇಷ್ಟು ವರ್ಷದಲ್ಲಿ ಮನೆಯವರಲ್ಲಿ ಯಾರಿಗೂ ಹೇಳಿರಲಿಲ್ಲ. ಅವಳು ಉಸ್ಮಾನಿಯಾ ಬಿಸ್ಕೆಟ್ ಚಹಾದಲ್ಲಿ ಅದ್ದಿ, "ಅದ್ರಾಗ ಏನೇನು ಕಲಿತ್ರಿ ಮಾಮಾ?" ಅಂದಳು.

"ಸಿ, ಜಾವಾ. ಕೆಲಸ ಸಿಗೂವರೆಗೂ ಅದರಾಗೇ."

"ಮತ್ತ ಮುತ್ಯಾಗ ಚಲೋ ಅದ ಅಂದಿದ್ದು ಪೂರಾ ಸುಳ್ಳೇನಲ್ಲ ಬಿಡ್ರಿ."

ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಅಕ್ಕನ ಫೋನು. "ಆತೇನೋ? ಚಲೋ ಅದ ಇಲ್ಲ?" ನಾನು ಫೋನನ್ನು ಮಗಳ ಕೈಗೆ ಕೊಟ್ಟೆ.

"ಅವ್ವಾ, ಐ3 ಅದ" ಎಂದು ಶುರು ಮಾಡಿದಳು. "ಐ7 ಅಲ್ಲ. ಆದ್ರ ಯಾಕ ಅಲ್ಲ ಅಂತ ಮನಿಗೆ ಬಂದು ನಿನ್ನ ಮಷೀನ್ ಮ್ಯಾಲೇ ತೋರಿಸ್ತೀನಿ."